ಹೆಸರ ಹೇಳದಾಕಿ

ತೋಟದ ಮನಿ, ಮೂಡಲಗಿ
14 ಸೆಪ್ಟೆಂಬರ್ 2024

ಶೈಲಕ್ಕಾ,

ನನ್ನ ಅಕ್ಷರಾ ನೋಡಿದಕೂಡ್ಲೆ ಈ ಹಾಳಿ ಹರದು ಒಲಿಗೆ ಹಾಕ್ತಿ ಅಂತ ಗೊತ್ತೈತಿ. ಹಾಕು. ಆದ್ರ ಓದಿ ಹಾಕು. ಹೋದ ವರ್ಷ ದೀಪಾವಳಿಯಿಂದ ನಿನ್ನ ದನಿ ಕೇಳಿಲ್ಲ. ನನ್ನ ಫೋನು ಅತ್ತಿ ಟ್ರಂಕಿನ್ಯಾಗ ಐತಿ, ಟ್ರಂಕಿನ ಕೀಲಿ ಅತ್ತಿ ಸೊಂಟದಾಗ ಐತಿ. ಅದಕ್ಕ ಕಾಗದ ಬರಿಯಾಕತ್ತೇನಿ.

ಈ ಸಲನೂ ಹತ್ತನೇತ್ತಾ ಪರೀಕ್ಷೆ ಕಟ್ಟಾಕತ್ತೇನಿ. ಉಳದ ವಿಷಯ ಎಲ್ಲಾ ಪಾಸಾಗ್ಯಾವ, ಈ ಹಾಳಾದ ಇಂಗ್ಲೀಷ್ ಒಂದ ಎರಡ ಸಲ ಡುಮ್ಕಿ. ಮೂರನೇ ಸಲದ ಫೀ ನಮ್ಮವರ ಹೋಗಿ ತುಂಬಿ ಬಂದ್ರು. "ಪಾಸಾಗು, ಅಂಗನವಾಡಿಗೆ ಅರ್ಜಿ ಹಾಕೂನು" ಅಂತಾರ. ಸಣ್ಣಾಕಿ ಇದ್ದಾಗಿಂದ ನನಗ ಪಾಠ ಹೇಳಿದಾಕಿ ನೀನ, ನೀ ಫೋನಿನ್ಯಾಗ ಹೇಳಿಕೊಟ್ಟಂಗ ಇಲ್ಲೆ ಯಾರೂ ಹೇಳಿಕೊಡೂದಿಲ್ಲ.

ಪುಸ್ತಕದಾಗ ಮೊದಲನೇ ಪಾಠನ ನೌನ್. ಕಾಮನ್ ನೌನ್ ಅಂದ್ರ ಏನು ಅಂತ ಓದಿ ಓದಿ ತಲಿ ಚಿಟ್ಟ ಹಿಡದೈತಿ. 'ಸಾಮಾನ್ಯ ಹೆಸರು' ಅಂತ ಬರದಾರ. ಹೆಸರ ಅಂದಮ್ಯಾಲ ಸಾಮಾನ್ಯ ಹ್ಯಾಂಗ ಆಗ್ತೈತಿ ಅಕ್ಕಾ? ನಮ್ಮವರು ಬಾಜೂಕ ಕುಂತು ನಗತಾರ. "ಇಂಗ್ಲೀಷ್ ಮಂದ್ಯಾಗ ಹೆಂಡರು ಗಂಡನ್ನ ಹೆಸರ ಹಿಡದ ಕರೀತಾರಂತ. ನೀನೂ ಒಂದ್ಸಲ ಕರದ ನೋಡು, ಓ ಅಂತೇನಿ" ಅಂದ್ರು. ನಾ ನಾಲಿಗಿ ಕಚ್ಚಿಕೊಂಡೆ. ಮೊನ್ನೆ ಅಂಗನವಾಡ್ಯಾಗ ಗಂಡನ ಹೆಸರ ಕೇಳಿದಾಗ ಎಂದಿನಂಗ ಸುಮ್ನ ನಿಂತೆ. ಕಾಜಲ್ ನನ್ನ ಸೆರಗ ಬಿಟ್ಟು ಮುಂದ ಬಂದು "ನಮ್ಮಪ್ಪ ಶಿದ್ರಾಮ!" ಅಂತ ಚೀರಿದ್ಲು. ಅಲ್ಲಿ ಟೀಚರ್ ಬಾಯಾರು ಹೊಟ್ಟಿ ಹಿಡಕೊಂಡ ನಕ್ರು. ಅಕಿಗೆ ಈಗ ನಾಕ ತುಂಬೇತಿ.

ನೀವೆಲ್ಲಾರೂ ಆರಾಮ ಅದೀರಿ ಅನ್ಕೊಂಡೇನಿ. ಹಣಮವ್ವ ಕಾಕೂನ ಕೇಳೇನಿ ಅನ್ನು.

ನಿನ್ನ
ಅರ್ಚನಾ

---

ಯಮಕನಮರಡಿ
22 ಸೆಪ್ಟೆಂಬರ್ 2024

ಅರ್ಚನಾ,

ನಿನ್ನ ಕಾಗದ ಒಲಿಗೆ ಹಾಕಿಲ್ಲ. ನನ್ನ ಖೋಲ್ಯಾಗ ಒಲಿ ಇಲ್ಲ, ಗ್ಯಾಸ್ ಐತಿ.

'ಆರಾಮ ಅದೀರಿ ಅನ್ಕೊಂಡೇನಿ' ಅಂತ ಬರದಿಯಲ್ಲ, ಕೈ ನಡಗಲಿಲ್ಲೇನ ನಿನಗ? ನಮ್ಮವ್ವನ ಹೆಸರ ಬ್ಯಾರೆ! ಮರತಿದ್ರ ನೆನಪ ಮಾಡಿಕೊಡ್ತೇನಿ ಕೇಳು. ನನ್ನ ತಮ್ಮ ಮಾಲಿಂಗ ಜೈಲಿನ್ಯಾಗ ಅದಾನ. ಹೊಲಕ್ಕ ಗೊಬ್ಬರ ಆಗ್ಲಿ ಅಂತ ನಿಮ್ಮ ಮಾವ ಶೆಟ್ಟೆಪ್ಪ ಕಾಕಾನ ಅವನ್ನ ಕರಸಿದ್ರು. ಅಂವ ಹಿಂಡ ಹೊಡಕೊಂಡ ಬಂದು ನಿಮ್ಮ ಹೊಲದಾಗ ಕುರಿ ತರುಬಿದ್ದ. ಕೆನಾಲ ನೀರಿನ ಪಾಳಿ ಸಲುವಾಗಿ ಜಗಳ ಇದ್ದದ್ದು ನಿಮ್ಮ ಮನಿಗೂ ಬಾಜೂ ಹೊಲದ ಉದ್ದಪ್ಪಗೂ. ಯಾರೋ ಹಿಂದಿನಿಂದ ಬಂದು ಉದ್ದಪ್ಪನ ತಲಿಗೆ ಸಲಿಕಿಲೆ ಹೊಡದ್ರು. ಅಂವ ಬದುಕ್ಯಾನ, ಆದ್ರ ಇವತ್ತಿಗೂ ಬಲಗೈ ಎತ್ತಾಕ ಬರೂದಿಲ್ಲ, ಮಾತು ತೊದಲ. ಹೊಡದಾಂವನ ಮಾರಿ ಅಂವ ಕಂಡಿಲ್ಲ. ಕಂಡಾಕಿ ಅಂದ್ರ ಬುತ್ತಿ ತಗೊಂಡ ಹೊಲಕ್ಕ ಹೋಗಿದ್ದ ನೀ ಒಬ್ಬಾಕಿ. ನಿನ್ನ ಹೇಳಿಕಿ ಮ್ಯಾಲ ಪೊಲೀಸರು ಮಾಲಿಂಗನ್ನ ಒಳಗ ಹಾಕ್ಯಾರ. ಜಾಮೀನ ಕೇಳಿದ್ರ ಕೊಡವಲ್ರು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ, ಹಂಗಾಗೇತಿ ನಮ್ಮ ಹಣೆಬರ.

ಇಷ್ಟಾದ್ರೂ ನೀ ಕೇಳಿದ್ದು ಪಾಠ. ಪಾಠ ಕೇಳಾಕ ಬಂದಾರನ್ನ ಬರಿಗೈಲೆ ಕಳಸಿದಾಕಿ ಅಲ್ಲ ನಾ. ಕೇಳು.

ಒಂದ ಥರದ್ದು ಎಷ್ಟ ಅದಾವೋ ಅಷ್ಟಕ್ಕೂ ಕೂಡಿ ಇರೂ ಹೆಸರು ಕಾಮನ್ ನೌನ್. ಕನ್ನಡದಾಗ ರೂಢನಾಮ ಅಂತ ಕಲ್ತಿದ್ದಿ. ನದಿ ಅಂದ್ರ ಕಾಮನ್ ನೌನ್, ಘಟಪ್ರಭಾ ಅಂದ್ರ ಪ್ರಾಪರ್ ನೌನ್. ಊರು ಕಾಮನ್, ಹುಕ್ಕೇರಿ ಪ್ರಾಪರ್. ಸಲಿಕಿಗೆ ಸ್ಪೇಡ್ ಅಂತಾರ, ಅದೂ ಕಾಮನ್. ಮ್ಯಾನ್ ಅಂದ್ರ ಯಾವ ಗಂಡಸಾದ್ರೂ ಆತು. ಗೋಕಾಕಿನಾಂವನೂ ಮ್ಯಾನ್, ಮೂಡಲಗಿಯಾಂವನೂ ಮ್ಯಾನ್. ಆದ್ರ ಒಬ್ಬನ ಒಬ್ಬನ್ನ ತೋರಿಸಬೇಕಂದ್ರ ಅವನ ಹೆಸರ ಹೇಳಬೇಕು, ದೊಡ್ಡ ಅಕ್ಷರದಿಂದ ಶುರು ಮಾಡಿ ಬರೀಬೇಕು.

ಬಾಗಲಾಗ ಕುಂತು ಕಣ್ಣಿಗೆ ಬಿದ್ದ ಹತ್ತ ಕಾಮನ್ ನೌನ್ ಬರದ ಕಳಸು.

ಶೈಲಾ

---

ತೋಟದ ಮನಿ, ಮೂಡಲಗಿ
20 ಅಕ್ಟೋಬರ್ 2024

ಶೈಲಕ್ಕಾ,

ನಿನ್ನ ಕಾಗದ ಒಡದ ಬಂತು. ನಮ್ಮವರ ಮೊದಲ ಓದಿದ್ರು. ನಾ ರೊಟ್ಟಿ ಬಡೀತಿದ್ದೆ, ಅವರು ಹೊಸ್ತಲದಾಗ ಕುಂತು ಜೋರಾಗಿ ಓದಿ ಹೇಳಾಕತ್ತಿದ್ರು. ಮಾಲಿಂಗನ ಮಾತ ಬಂದಲ್ಲಿ ದನಿ ಸಣ್ಣ ಆತು. 'ಮ್ಯಾನ್ ಅಂದ್ರ ಯಾವ ಗಂಡಸಾದ್ರೂ ಆತು' ಅನ್ನೂತನಾ ಓದಿ, ಹಾಳಿ ನನ್ನ ತೊಡಿ ಮ್ಯಾಲ ಇಟ್ಟು ಎಮ್ಮಿಗೆ ನೀರ ಕುಡಸಾಕ ಹೋದ್ರು. ಎಮ್ಮಿಗೆ ಆಗಲೇ ಕುಡಿಸ್ಯಾಗಿತ್ತು.

ಹೋಮ್‌ವರ್ಕ್ ತಗೋ. ಬಫೆಲೊ, ಕಾಫ್, ಟ್ರೀ, ವೆಲ್, ರೋಪ್, ಪಾಟ್, ಚೈಲ್ಡ್, ಡಾಗ್, ಕೆನಾಲ್, ರೋಡ್. ಸ್ಪೇಡ್ ಬರದಿಲ್ಲ. ನಮ್ಮ ಬಾಗಲಾಗ ಈಗ ಸಲಿಕಿ ಇಡೂದಿಲ್ಲ.

ಒಂದ ಪ್ರಶ್ನಿ ಐತಿ. ಮದರ್ ಅಂದ್ರ ಕಾಮನ್ ನೌನ್ ಅಂತ ಪುಸ್ತಕದಾಗ ಐತಿ. ನನಗ ಇರೂದು ಒಬ್ಬಾಕಿನ ಅವ್ವ, ಅಕಿ ಹ್ಯಾಂಗ ಕಾಮನ್ ಆದ್ಲು? ಹಜ್ಬಂಡನೂ ಕಾಮನ್ ಅಂತ. ಹಂಗ ನೋಡಿದ್ರ ನಮ್ಮವರನ್ನ ನಾ ಇಷ್ಟ ದಿನ ಕರದದ್ದೆಲ್ಲಾ ಕಾಮನ್ ನೌನಿನ್ಯಾಗನ. ಮನಿಯವರು, ಕಾಜಲ್‌ನ ಅಪ್ಪ, ಇಲ್ಲಾಂದ್ರ ಬರೇ 'ಏನ್ರಿ ಇಲ್ಲೆ ನೋಡ್ರಿ'. ನೀ ಇದನ್ನ ಓದಿ ನಗ್ತಿ ಅಂತ ಬರದೇನಿ. ನಗು ಬರಲಿಲ್ಲಾಂದ್ರ ಬಿಡು.

ಇನ್ನಮ್ಯಾಲ ಮನಿಗೆ ಕಾಗದ ಹಾಕಬ್ಯಾಡ. ಯಮಕನಮರಡಿ ಕಾಗದ ಬಂದ್ರ ನನ್ನ ಕೈಯಾಗ ಕೊಡು ಅಂತ ಮಾವ ಪೋಸ್ಟಮನ್‌ಗೆ ತಾಕೀತ ಮಾಡ್ಯಾರ. ಮೂಡಲಗ್ಯಾಗ ದ್ರಾಕ್ಷಾಯಿಣಿ ಟೇಲರ್ ಅಂತ ಅದಾರ, ವಾರಕ್ಕೊಮ್ಮೆ ಅವರ ಕಡೆ ಹೊಲಿಗಿ ಕಲಿಯಾಕ ಹೋಗ್ತೇನಿ. ಅವರ ಅಂಗಡಿ ವಿಳಾಸ ಕೆಳಗ ಬರದೇನಿ. ಭಾಳ ನಂಬಿಗಸ್ತರು.

ನಿನ್ನ
ಅರ್ಚನಾ

---

ಯಮಕನಮರಡಿ
3 ನವೆಂಬರ್ 2024

ಅರ್ಚನಾ,

ಹತ್ತಕ್ಕ ಹತ್ತು. ಅವ್ವ ಕಾಮನ್ ಹ್ಯಾಂಗ ಅಂದ್ರ, ಎಲ್ಲಾರಿಗೂ ಒಬ್ಬಾಕಿ ಇರ್ತಾಳ, ಅದಕ್ಕ. ನಮಗೂ ಒಬ್ಬಾಕಿ ಅದಾಳ. ಮಗನ ಅಂಗಿ ಒಗದು ಮಡಚಿ ಇಡ್ತಾಳ, ನಾಕ ದಿನಕ್ಕ ಮತ್ತ ಬಿಚ್ಚಿ ಒಗೀತಾಳ. ಬ್ಯಾಡ ಅಂದ್ರ ನನಗ ಬೈತಾಳ.

ಹೋದ ವಾರ ಮಾಲಿಂಗನ ಭೆಟ್ಟಿಗೆ ಹೋಗಿದ್ದೆ. ಮೊದಲ ಕೇಳಿದ್ದು ಕುರಿ. ಕುಂಟಾಡಿ ಮರಿ ಇನ್ನೂ ಬದುಕೇತೇನ ಅಂತ, ಪ್ರತಿ ಸಲದಂಗ. ಆಮ್ಯಾಲ ಅಂವ ಹೇಳಿದ ಮಾತು ಇದ್ದಂಗ ಬರೀತೇನಿ. "ನಾ ಆ ಕಡೆ ಬದುವಿನ ಮ್ಯಾಲ ಇದ್ದೆ ಅಕ್ಕಾ. ಚೀರಿದ್ದ ಕೇಳಿ ಓಡಿ ಬಂದೆ. ಉದ್ದಪ್ಪ ಕಾಕಾನ್ನ ಎತ್ತಿ ಕುಂದ್ರಿಸಿದೆ, ಅದಕ್ಕ ಅಂಗಿಗೆ ರಕ್ತ ಹತ್ತೇತಿ. ಅರ್ಚನಕ್ಕ ಅಲ್ಲೇ ಇದ್ಲು, ಅಕಿ ಎಲ್ಲಾ ನೋಡ್ಯಾಳ. ಕೋರ್ಟಿನ್ಯಾಗ ಅಕಿ ಖರೆ ಹೇಳ್ತಾಳ ಬಿಡು." ಅವಂಗ ನಿನ್ನ ಮ್ಯಾಲ ಸಿಟ್ಟ ಇಲ್ಲ. ಅದನ್ನ ಕೇಳಿ ನನಗ ಮೈಯೆಲ್ಲಾ ಉರೀತು. ಹುಚ್ಚ ಖೋಡಿ, ಇನ್ನೂ ನಿನ್ನ ಅಕ್ಕಾ ಅಂತಾನ.

ಈಗ ನೇರ ಕೇಳ್ತೇನಿ. ಪೊಲೀಸ್ ಠಾಣ್ಯಾಗ ನೀ ಏನ ಹೇಳಿದಿ? ನೀ ಸಾಲ್ಯಾಗ ಒಂದ ಪೆನ್ಸಿಲ್ ಕದ್ದಾಕಿ ಅಲ್ಲ, ಅಷ್ಟ ದೊಡ್ಡ ಸುಳ್ಳ ನಿನ್ನ ಬಾಯಾಗ ಹ್ಯಾಂಗ ಬಂತು? ನಿಮ್ಮ ಭಾವ ಕೇದಾರಿ ಭಾಳ ಮುಂಗೋಪಿ ಅಂತ ಊರಿಗೆಲ್ಲಾ ಗೊತ್ತು. ಹೊಡದಾಂವ ಅಂವನ ಹೌದೋ ಅಲ್ಲೋ? ಭಾವನ ಹೆಸರನೂ ನೀವು ಹೇಳೂದಿಲ್ಲ ಅಂತ ಗೊತ್ತೈತಿ, ಅದಕ್ಕ ನಾನ ಹೇಳೇನಿ. ನೀ ಬರೇ ಹೌದು ಅನ್ನು.

ಪಾಠ: ಕನ್ನಡದಾಗ ವ್ಯಾಪಾರಿ, ಶಿಕ್ಷಕ, ಕುರುಬ ಅಂದ್ರ ಅನ್ವರ್ಥನಾಮ. ಇಂಗ್ಲೀಷಿನ್ಯಾಗ ಹಂಗ ಬ್ಯಾರೆ ಮಾಡೂದಿಲ್ಲ, ಟೀಚರ್, ಶೆಫರ್ಡ್ ಎಲ್ಲಾ ಕಾಮನ್ ನೌನ್. ಪರೀಕ್ಷಾದಾಗ ಗೊಂದಲ ಮಾಡ್ಕೋಬ್ಯಾಡ.

ಶೈಲಾ

---

ಮೂಡಲಗಿ, ಟೇಲರ್ ಅಂಗಡ್ಯಾಗ ಕುಂತು
1 ಡಿಸೆಂಬರ್ 2024

ಶೈಲಕ್ಕಾ,

ಭಾವ ಅಲ್ಲ. ಭಾವ ಅವತ್ತ ಕಬ್ಬಿನ ಟ್ರ್ಯಾಕ್ಟರ್ ತಗೊಂಡು ಫ್ಯಾಕ್ಟರಿ ಮುಂದ ಪಾಳಿ ಹಚ್ಚಿ ನಿಂತಿದ್ರು, ಸಂಜಿತನಾ ಬಂದಿಲ್ಲ. ಅವರ ಹೆಸರ ಎಲ್ಲೂ ಎತ್ತಬ್ಯಾಡ, ಪಾಪ ಬರ್ತೈತಿ.

ಠಾಣ್ಯಾಗ ಏನಾತು ಅಂದ್ರ, ಮಾವ ಮತ್ತ ನಾ ಒಳಗ ಹೋದ್ವಿ. ನಮ್ಮವರು ಹೊರಗ ಬೇವಿನಗಿಡದ ಕಟ್ಟಿ ಮ್ಯಾಲ ಕುಂತಿದ್ರು. ಸಾಹೇಬ್ರು "ಯಾರವಾ ಹೊಡದಾಂವ?" ಅಂದ್ರು. ನಾ "ಅವರು" ಅಂದೆ. "ಅವರು ಅಂದ್ರ ಯಾರು, ಹೆಸರ ಹೇಳು" ಅಂದ್ರು. ನಾ ಸೆರಗ ಹಲ್ಲಿನ್ಯಾಗ ಕಚ್ಚಿಕೊಂಡು ಮಾವನ ಮಾರಿ ನೋಡಿದೆ. ನಿನಗ ಗೊತ್ತಲ್ಲ, ದವಾಖಾನ್ಯಾಗೂ ಹಂಗ, ರೇಶನ್ ಅಂಗಡ್ಯಾಗೂ ಹಂಗ, ಹೆಸರ ಹೇಳೂ ಪ್ರಸಂಗ ಬಂದ್ರ ನಾವು ಬಾಜೂದವರ ಮಾರಿ ನೋಡ್ತೇವಿ, ಅವರು ಹೇಳ್ತಾರ. ಮಾವನೂ ಹೇಳ್ತಾರ ಅಂತ ನೋಡಿದೆ ಅಕ್ಕಾ. ನನ್ನ ಮಗಳಾಣಿ, ಅಷ್ಟ ನನ್ನ ಮನಸಿನ್ಯಾಗ ಇತ್ತು.

ಮಾವ ಹೇಳಿದ್ರು. "ಸಾಹೇಬ್ರ, ಹೆಣ್ಮಗಳು ಅಂಜ್ಯಾಳ್ರಿ. ಕುರಿಯಾಂವ ಅದಾನ್ರಿ, ನಾಗನೂರ ಮಾಲಿಂಗ ಅಂತ." ಬರಕೊಂಡ್ರು. ಬರದದ್ದ ಓದಿ ಹೇಳಿದ್ರು. "ಹೌದಲ್ಲ ತಂಗಿ?" ಅಂತ ಕೇಳಿದ್ರು. ನನ್ನ ಕಿವಿ ಗುಂಯ್ ಅಂತಿತ್ತು. ಸಹಿ ಅಂದ್ರು, ಮಾಡಿದೆ.

ಮುಂದಿಂದು ಕೇಳಬ್ಯಾಡ. ನಿನ್ನ ಕಾಲ ಬೀಳ್ತೇನಿ.

ಕುಂಟಾಡಿ ಮರಿ ಬದುಕಿತೇನು?

ಅರ್ಚನಾ

---

ಯಮಕನಮರಡಿ
8 ಡಿಸೆಂಬರ್ 2024

ಅರ್ಚನಾ,

ಮರಿ ಬದುಕೇತಿ.

ನಿನ್ನ ಕಾಗದ ಎರಡ ಸಲ ಓದಿ ಲೆಕ್ಕಾ ಹಾಕಿದೆ. ಭಾವ ಅಲ್ಲ ಅಂದ್ರ, ಹೆಸರ ಹೇಳಲಿ ಅಂತ ಮಾವನ ಮಾರಿ ನೋಡಿದಿ ಅಂದ್ರ, ನೀ 'ಅವರು' ಅಂದಿ ಅಂದ್ರ, ಉಳದಾಂವ ಒಬ್ಬನ. ಶಿದ್ರಾಮ. ನಾ ಬಂದಾಗೊಮ್ಮೆ ಬಸ್ ಸ್ಟ್ಯಾಂಡಿಗೆ ಬೈಕ್ ತಗೊಂಡ ಬಂದು "ಬರ್ರಿ ಶೈಲಕ್ಕಾ, ನಿಮ್ಮ ಶಿಷ್ಯಾ ಕಾಯಾಕತ್ಯಾಳ" ಅಂತಿದ್ದ ಶಿದ್ರಾಮ! ಅವನ್ನ ಬೈಯಾಕ ಒಂದ ಮಾತ ಹುಡಕಿದೆ, ಸಿಗಲಿಲ್ಲ. ಅದಕ್ಕ ಮತ್ತಷ್ಟ ಸಿಟ್ಟ ಬಂತು.

ನಿನ್ನ ಮದುವಿ ನೆನಪ ಐತೇನ? ಎಲ್ಲಾರೂ ಸುತ್ತಗಟ್ಟಿ ಒಡಪ ಹಚ್ಚಿ ಗಂಡನ ಹೆಸರ ಹೇಳು ಅಂದ್ರು. ಮಂದಿ ಎಲ್ಲಾ ಹೇಳ್ತಾರ, ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ. ನೀ ನನ್ನ ಬೆನ್ನಿಗೆ ಮಾರಿ ಮುಚ್ಚಿಕೊಂಡಿ. ನಾನ ನಿನ್ನ ಪರವಾಗಿ ಹೇಳಿದೆ. 'ಕೆರಿ ತುಂಬ ನೀರ, ಕಣ ತುಂಬ ಜ್ವಾಳ, ಶಿದ್ರಾಮರ ಹೆಸರಿನ್ಯಾಗ ಐತಿ ಅರ್ಚನಾನ ಬಾಳ.' ಎಲ್ಲಾರೂ ಹೋ ಅಂದ್ರು. ನನ್ನ ಬಾಯಾಗಿನ ಹೆಸರು ನಿನ್ನ ಲೆಕ್ಕಕ್ಕ ಜಮಾ ಆತು.

ಈಗ ಹಂಗ ನಡ್ಯೂದಿಲ್ಲ ಅರ್ಚನಾ. ನಾ ಗೋಕಾಕ ಕೋರ್ಟಿನ ಮುಂದ ನಿಂತು ನೂರ ಸಲ ಚೀರಿದ್ರೂ ಅದು ಆರೋಪಿ ಅಕ್ಕನ ಬಾಯಿ. ನಿಮ್ಮ ಮಾವ ಒಮ್ಮೆ ನಿನ್ನ ಪರವಾಗಿ ಹೇಳಿದ್ದಕ್ಕ ನನ್ನ ತಮ್ಮ ಒಳಗ ಅದಾನ.

ಇವತ್ತ ಪಾಠ ಇಲ್ಲ.

ಶೈಲಾ

---

ಮೂಡಲಗಿ
19 ಜನೇವರಿ 2025

ಶೈಲಾ,

ಅಕ್ಕಾ ಅನ್ನಾಕ ಇವತ್ತ ಬಾಯಿ ಬರವಲ್ದು. ನೀ ಬರಿಯೂದು ಸಸಾರ. ನಿನಗ ಗಂಡ ಇಲ್ಲ, ಮಕ್ಕಳಿಲ್ಲ, ಒಂದ ಖೋಲಿ, ಒಂದ ಗ್ಯಾಸ್. 'ಹೇಳು' ಅಂತ ಎರಡ ಅಕ್ಷರಾ ಬರದ್ರ ನಿನ್ನ ಕೆಲಸ ಮುಗೀತು.

ಅವರು ಬೇಕಂತ ಮಾಡಿಲ್ಲ. ಉದ್ದಪ್ಪ ನಮ್ಮ ಮಾವನ ಎದಿಗೆ ಕೈ ಹಚ್ಚಿ ಕೆನಾಲಿನ ರಾಡ್ಯಾಗ ಕೆಡವಿದ. ಕೆಡವಿ ಮ್ಯಾಲ ನಿಂತು ಬಾಯಿಗೆ ಬಂದಂಗ ಬೈದ. ನಮ್ಮವರ ಕೈಯಾಗ ನೀರ ತಿರುಗಸೂ ಸಲಿಕಿ ಇತ್ತು. ಒಂದ ಏಟು. ಹೊಡದಾರ ತಾವ ಅಲ್ಲೇ ಕುಸದ ಕುಂತ್ರು. ಮಾಲಿಂಗ ಓಡಿ ಬಂದು ಉದ್ದಪ್ಪನ್ನ ಎತ್ತೂ ಹೊತ್ತಿಗೆ ಮಾವ ಅವರ ರಟ್ಟಿ ಹಿಡದು ಕಬ್ಬಿನಾಗ ಎಳಕೊಂಡ ಹೋಗಿದ್ರು. ಅವತ್ತಿಂದ ಅವರು ಗಂಗಾಳದ ಮುಂದ ಕುಂತ ಎದ್ದ ಹೋಗ್ತಾರ. ಉದ್ದಪ್ಪನ ಹೆಂಡ್ತಿ ಹಾದ್ಯಾಗ ಕಂಡ್ರ ಹಾದಿ ಬಿಟ್ಟು ಹೊಲದಾಗ ಇಳೀತಾರ. ನಾ ಪಾಸಾಗ್ಲಿ, ನನ್ನ ಕಾಲ ಮ್ಯಾಲ ನಾ ನಿಂದ್ರಲಿ ಅಂತ ಯಾಕ ಇಷ್ಟ ಬಡಕೊಳ್ಳಾಕತ್ತಾರ ಅನ್ನೂದು ನನಗ ಈಗೀಗ ತಿಳೀತು.

ಕೋರ್ಟಿನಿಂದ ಸಮನ್ಸ ಬಂದೈತಿ. ಮಾರ್ಚ್ ಆರನೇ ತಾರೀಖ, ಗೋಕಾಕ. ಮಾವ ಎಲ್ಲಾರ ಮುಂದ ಹೇಳಿದ್ರು, "ಠಾಣ್ಯಾಗ ಬರಸಿದ್ದನ್ನ ಹೇಳಿ ಬಂದ್ರ ಮನಿ. ಬ್ಯಾರೆ ಒಂದ ಮಾತ ಬಂತೋ, ಮಗಳನ್ನ ಇಲ್ಲೇ ಬಿಟ್ಟು ತವರಿನ ಹಾದಿ ಹಿಡಿ." ಕಾಜಲ್ ಅವರ ತೊಡಿ ಮ್ಯಾಲನ ಕುಂತು ಶೇಂಗಾ ತಿನ್ನಾಕತ್ತಿದ್ಲು. ನಮ್ಮವರು ಗ್ವಾಡಿಗೆ ಆತು ಕುಂತು ಅಕಿಗೆ ಶೇಂಗಾ ಸುಲದ ಕೊಡಾಕತ್ತಿದ್ರು. ಬಿಸಿತುಪ್ಪ ನನ್ನ ಬಾಯಾಗ ಐತಿ, ನುಂಗಾಕೂ ಬರವಲ್ದು, ಉಗುಳಾಕೂ ಬರವಲ್ದು.

ಗಂಡನ ಹೆಸರ ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗ್ತೈತಿ ಅಂತ ನಮ್ಮವ್ವ ಹೇಳಿದ್ಲು. ನೀ ಅದನ್ನ ಕೇಳಿ ಸುಳ್ಳ ಅಂತ ನಕ್ಕಿದ್ದಿ. ಈಗ ಸುಳ್ಳ ಅನ್ನು ನೋಡೂನು.

ಅರ್ಚನಾ

---

ಯಮಕನಮರಡಿ
23 ಫೆಬ್ರುವರಿ 2025

ಅರ್ಚನಾ,

ಸುಳ್ಳ ಅನ್ನಾಕ ನನಗೂ ಬಾಯಿ ಬರವಲ್ದು. ಅದಕ್ಕ ಇಷ್ಟ ದಿನ ಬರೀಲಿಲ್ಲ.

ಒತ್ತಾಯ ಮಾಡೂದಿಲ್ಲ, ನಿನ್ನ ಮನಸ್ಸು ಅಂತ ಬರೀಬೇಕು. ದೊಡ್ಡ ಮನಸಿನಾಕಿ ಅನಸ್ಕೋಬೇಕು. ಬರಿಯೂದಿಲ್ಲ. ಒತ್ತಾಯ ಮಾಡ್ತೇನಿ. ಶಿದ್ರಾಮ ಸಿಟ್ಟಿನ್ಯಾಗ ಹೊಡದದ್ದು, ಅಪ್ಪನ ಮ್ಯಾಲ ಕೈ ಮಾಡಿದ್ದಕ್ಕ ಹೊಡದದ್ದು, ಎಲ್ಲಾ ಕೋರ್ಟಿನ್ಯಾಗ ಹೇಳಾಕ ಅವಂಗ ಜಾಗಾ ಐತಿ. ಮಾಲಿಂಗಗ ಹೇಳಾಕ ಏನೂ ಇಲ್ಲ. 'ನಾ ಮಾಡಿಲ್ಲ' ಅನ್ನೂದ ಬಿಟ್ರ ಮತ್ತೇನ ಹೇಳ್ತಾನ? ಅದನ್ನ ಕಳ್ಳರೂ ಹೇಳ್ತಾರ. ಹೋದ ಸಲ ಭೆಟ್ಟಿಗೆ ಹೋದಾಗ ಅಂವ ಕುರಿ ಬಗ್ಗೆ ಕೇಳಲಿಲ್ಲ. ಅದಕ್ಕ ನನಗ ಅಂಜಿಕಿ ಬಂದೈತಿ.

ಆರನೇ ತಾರೀಖ ನಾ ಬರೂದಿಲ್ಲ. ಸಾಕ್ಷಿ ಮ್ಯಾಲ ಆರೋಪಿ ಕಡೆಯವರು ಒತ್ತಡ ಹಾಕಿದ್ರು ಅಂತ ಆಗಬಾರದು ಅಂತ ವಕೀಲರು ಹೇಳ್ಯಾರ. ನಿನಗ ನಾ ಕಾಗದ ಬರಿಯೂದು ಗೊತ್ತಾದ್ರ ಕೇಸನ ಬಿಡ್ತಾರ ಅವರು. ಅವ್ವ ಬರ್ತಾಳ, ಅಕಿನ್ನ ತಡ್ಯಾಕ ಆಗೂದಿಲ್ಲ. ಅಕಿ ಹೊರಗ ಕುಂದ್ರತಾಳ.

ಕಾಜಲ್ ವಿಷಯ ವಕೀಲರನ್ನ ಬ್ಯಾರೆಯವರದು ಅಂತ ಹೇಳಿ ಕೇಳೇನಿ. ಐದ ವರ್ಷದ ಒಳಗಿನ ಕೂಸು, ತಾಯಿ ಕಡೆಯಿಂದ ಹಂಗೆಲ್ಲಾ ಕಿತ್ಕೊಳ್ಳಾಕ ಬರೂದಿಲ್ಲ. ನನ್ನ ಖೋಲಿ ಸಣ್ಣದು, ಮೂರ ಮಂದಿಗೆ ಸಾಕು. ಗ್ಯಾಸೂ ಐತಿ.

ಕಡೀ ಪಾಠ. ಕಾಮನ್ ನೌನಿನ ಮುಂದ ಎ ಬರ್ತೈತಿ, ದಿ ಬರ್ತೈತಿ. ಯಾರೋ ಒಬ್ಬಾಂವ ಅನ್ನೂದಿದ್ರ ಎ ಮ್ಯಾನ್. ಆ ನಮ್ಮ ಗುರ್ತಿನಾಂವ ಅನ್ನೂದಿದ್ರ ದಿ ಮ್ಯಾನ್. ಹೆಸರ ಹೇಳಿದಾಗ ಸಾಮಾನ್ಯವಾಗಿ ಇವೆರಡೂ ಬೇಕಾಗೂದಿಲ್ಲ. ಇಷ್ಟ ಬಂದ್ರ ಪರೀಕ್ಷಾದಾಗ ನಿನಗ ತ್ರಾಸ ಇಲ್ಲ.

ನೀ ಏನ ಹೇಳಿದ್ರೂ ನಾ ನಿನ್ನ ಅಕ್ಕಾನ. ಮಾಲಿಂಗನ ಹೆಸರ ಹೇಳಿದಿ ಅಂದ್ರ ಮಾತ್ರ ನನ್ನ ಬಾಗಲಿಗೆ ಬರಬ್ಯಾಡ. ಎರಡೂ ಖರೆ.

ಶೈಲಾ

---

ಯಮಕನಮರಡಿ
19 ಮಾರ್ಚ್ 2025

ಅರ್ಚನಾ,

ಮಾಲಿಂಗ ಮನಿಗೆ ಬಂದಾನ. ಜಾಮೀನ ಸಿಕ್ಕೈತಿ, ಕೇಸೂ ಇನ್ನ ಅವನ ಮ್ಯಾಲ ನಿಂದ್ರೂದಿಲ್ಲ ಅಂತಾರ ವಕೀಲರು. ಬಂದಾಂವ ಸೀದಾ ಕುರಿ ಹಟ್ಟಿಗೆ ಹೋದ. ಕುಂಟಾಡಿ ಮರಿ ಈಗ ಟಗರ ಆಗೇತಿ, ಇವನ ಗುರ್ತ ಹಿಡೀಲಿಲ್ಲ. ಅದಕ್ಕ ಅಂವ ಅತ್ತ. ಜೈಲಿನ್ಯಾಗ ಇದ್ದಾಗೂ ಅತ್ತಿರಲಿಲ್ಲ.

ಅವ್ವ ಕೋರ್ಟಿನ ಬಾಗಲ ಹೊರಗ ಕುಂತಿದ್ಲು, ಒಳಗ ಏನಾತು ಅಂತ ಅಕಿಗೆ ಗೊತ್ತಿಲ್ಲ. ನೀ ಹೊರಗ ಬಂದಾಕಿ ಅಕಿ ಬಾಜೂಕ ಬಂದು ಕುಂತಿ ಅಂತ, ಇಬ್ಬರೂ ಒಂದ ಮಾತ ಆಡಲಿಲ್ಲ ಅಂತ. ವಕೀಲರು "ಹೇಳಿದ್ಲು" ಅಂತಷ್ಟ ಅಂದ್ರು. ಟೇಲರ್ ಬಾಯಾರಿಗೆ ಫೋನ್ ಮಾಡಿದೆ, ನಾಗನೂರ ತವರಿಗೆ ಹೋಗ್ಯಾಳ ಅಂದ್ರು. ಅದಕ್ಕ ಅಲ್ಲಿಗೇ ಬರೀತೇನಿ.

ನಾನ ಓಡಿ ಬರಬೇಕು. ಯಾವ ಮಾರಿ ಇಟ್ಕೊಂಡ ಬರಲಿ ಅಂತ ತಿಳೀವಲ್ದು. ಪರೀಕ್ಷೆ ತಪ್ಪಸಬ್ಯಾಡ. ಏನಾತು ಬರಿ.

ನಿನ್ನ
ಶೈಲಕ್ಕಾ

---

ನಾಗನೂರ
6 ಏಪ್ರಿಲ್ 2025

ಶೈಲಕ್ಕಾ,

ಕಾಜಲ್ ನನ್ನ ಕಡೆ ಅದಾಳ, ಮೊದಲ ಅದನ್ನ ಬರೀತೇನಿ. ಪೊಲೀಸರು ಕರಕೊಂಡ ಹೋಗಾಕ ತೋಟಕ್ಕ ಬಂದಾಗ ನಮ್ಮವರು ಅಂಗಿ ಹಾಕ್ಕೋತ ಮಾವಗ ಹೇಳಿದ್ರಂತ, "ಅಪ್ಪಾ, ಕೂಸು ಅವರವ್ವನ ಕಡೆ ಇರ್ಲಿ. ಇದೊಂದ ನನ್ನ ಮಾತ ಕೇಳು." ಮರುದಿನ ಭಾವ ಟ್ರ್ಯಾಕ್ಟರ್ ಮ್ಯಾಲ ಅಕಿನ್ನ ಕುಂದ್ರಿಸಿಕೊಂಡ ಬಂದು ನಮ್ಮ ಅಂಗಳದಾಗ ಇಳಿಸಿ ಹೋದ್ರು. ನೀರೂ ಕುಡೀಲಿಲ್ಲ. ಅಕಿ ಅರಿವಿ ಗಂಟಿನ್ಯಾಗ ಅತ್ತಿ ನನ್ನ ಫೋನೂ ಇಟ್ಟಿದ್ರು.

ಪರೀಕ್ಷೆ ಬರದೆ. ನೌನ್ ಗುರ್ತ ಹಾಕೂದು ಬಂದಿತ್ತು, ಎಲ್ಲಾ ಸರಿ ಹಾಕೇನಿ. ಈ ಸಲ ಪಾಸಾಗ್ತೇನಿ. ಯಾರಿಗೆ ಹೇಳಲಿ ಅಂತ ಸಂಕಟ ಆತು.

ಇನ್ನ ಕೋರ್ಟಿಂದು. ಅಕ್ಕಾ, ನಾ ಕಟಕಟಿ ಏರೂತನಾ ಏನ ಹೇಳ್ತೇನಿ ಅಂತ ನನಗ ಗೊತ್ತಿರಲಿಲ್ಲ. ನಿನ್ನಾಣಿ ಖರೆ. ಆರೋಪಿ ಜಾಗಾದಾಗ ಮಾಲಿಂಗ ನಿಂತಿದ್ದ, ತೆಳ್ಳಗ ಆಗ್ಯಾನ, ನನ್ನ ನೋಡಿ ಸಣ್ಣಾಗಿ ನಕ್ಕ. ಹಿಂದಿನ ಬೆಂಚಿನ ಮ್ಯಾಲ ಮಾವ, ಮಾವನ ಬಾಜೂಕ ಅವರು, ತಲಿ ತಗ್ಗಿಸಿ.

ಸರಕಾರಿ ವಕೀಲರು "ಇಲ್ಲೆ ನಿಂತಾನಲ್ಲ, ಇವನ ಹೊಡದಾಂವ ಹೌದಲ್ಲ?" ಅಂದ್ರು. ನಾ "ಅಲ್ರಿ" ಅಂದೆ. "ಹಂಗಾರ ಯಾರು?" ಅಂದ್ರು. "ನಮ್ಮ ಮನಿಯವರು" ಅಂದೆ. "ಮನಿಯವರು ಅಂದ್ರ ಮನ್ಯಾಗ ನಾಕ ಮಂದಿ ಇರ್ತಾರ, ಹೆಸರ ಹೇಳವಾ" ಅಂದ್ರು. ನಾ ಮತ್ತ ಸೆರಗ ಹಲ್ಲಿನ್ಯಾಗ ಕಚ್ಚಿಕೊಂಡೆ. ಅಷ್ಟರಾಗ ಮಾವ ಹಿಂದಿನಿಂದ ಎದ್ದ ನಿಂತು ಕೈಮುಗದು, "ಸಾಹೇಬ್ರ, ನಮ್ಮ ಕಡೆ ಹೆಣ್ಮಕ್ಕಳು ಹೆಸರ ಹೇಳೂದಿಲ್ರಿ, ನಾ ಹೇಳ್ತೇನ್ರಿ" ಅಂದ್ರು. ಜಡ್ಜ್ ಬಾಯಾರು ಅವರನ್ನ ಗದರಿಸಿ ಕುಂದ್ರಿಸಿದ್ರು.

ಬಾಯಾರು ಚಲೋ ಮಂದಿ. ಅವರಿಗೆ ನಮ್ಮ ರೂಢಿ ಗೊತ್ತಿತ್ತು. "ಬಾಯಿಲೆ ಹೇಳಾಕ ಸಂಕೋಚ ಆದ್ರ ಕಾಗದದ ಮ್ಯಾಲ ಬರದು ಕೊಡಮ್ಮಾ, ನಮ್ಮ ಕ್ಲಾರ್ಕ ಓದ್ತಾರ" ಅಂದ್ರು. ಹಾಳಿ ಕೊಟ್ರು, ಪೆನ್ ಕೊಟ್ರು. ನಾ ಪೆನ್ ಹಿಡದೆ. ದೊಡ್ಡ ಅಕ್ಷರದಿಂದ ಶುರು ಮಾಡಬೇಕು ಅನ್ನೂದೂ ನೆನಪಾತು. ಬರದ್ರ ಮತ್ತ ಯಾರೋ ಓದ್ತಾರ, ಮತ್ತ ನನ್ನ ಪರವಾಗಿ ಇನ್ನೊಬ್ಬರ ಬಾಯಿ. ಹಂಗ ಮಾಡಿನ ಮಾಲಿಂಗನ್ನ ಒಳಗ ಹಾಕಿದ್ದು. ಪೆನ್ ಕೆಳಗ ಇಟ್ಟೆ.

ಇಟ್ಟು, ಅವರ ಕಡೆ ತಿರುಗಿ, ಹೇಳಿದೆ. "ಶಿದ್ರಾಮ" ಅಂದೆ. ಹುಟ್ಟಿದ ಮ್ಯಾಲ ಮೊದಲನೇ ಸಲ. ನನ್ನ ದನಿ ನನಗ ಹೊಸಾದು ಅನಸ್ತು, ಹೊಲದಾಗಿಂದ ಊಟಕ್ಕ ಕರದಂಗ ಇತ್ತು ನೋಡು. ಅವರು ತಲಿ ಎತ್ತಿದ್ರು. ಮಾವ ತೋಳ ಹಿಡದಿದ್ರು, ಬಿಡಿಸಿಕೊಂಡ ಎದ್ದ ನಿಂತ್ರು. ನನ್ನ ಮಾರಿ ನೋಡಿಕೋತ, ಕೋರ್ಟಿಗೆಲ್ಲಾ ಕೇಳೂವಂಗ, "ಓ" ಅಂದ್ರು.

ನಿನ್ನ
ಅರ್ಚನಾ